ಡಿಕ್ಕಿಯೊಳಗೆ ಬಂದ ಬೆಳಕು

ಬಂಗಾರಪೇಟೆ, ಭಾನುವಾರ

ಮುನೀಂದ್ರಣ್ಣನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಕ್ಯಾಸಂಬಳ್ಳಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ.

ಅಪ್ಪನ ಹಳೇ ಅಂಬಾಸಿಡರನ್ನು ನೀನು ಹದಿನೈದು ದಿನ ಇಟ್ಟುಕೊಂಡು ತಂದುಕೊಟ್ಟ ಮೇಲೆ, ನೀನೇ ಓಡಿಸಿಕೊಂಡು ಕೆಜಿಎಫ್ ಆಸ್ಪತ್ರೆಗೆ ಕರೆದೊಯ್ಯುವಾಗಲೆಲ್ಲ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ತಲೆಸುತ್ತು, ವಾಂತಿ. "ವಯಸ್ಸಾಯ್ತಲ್ಲಮ್ಮ, ಅದ್ಕೇ" ಅಂದೆ ನೀನು. ಅಮ್ಮ ನಂಬಿ ನಿಂಬೆಹಣ್ಣು ಮೂಸುತ್ತಾ ಕೂತಳು. ನನಗೆ ಹೊಗೆಯ ವಾಸನೆ ಬಂತು.

ಮೆಕ್ಯಾನಿಕ್ ಗೋಪಿನಾಥ್ ನೋಡಿ, "ಪೈಪ್ ಎಲ್ಲೂ ಒಡೆದಿಲ್ಲಕ್ಕಾ, ಒಳಕ್ಕೆ ಎಂಗೆ ಬತ್ತದೋ" ಅಂದ. ನಿನ್ನೆ ಕಾರನ್ನು ಬಿಸಿಲಿಗೆ ನಿಲ್ಲಿಸಿ, ನಾನೇ ಡಿಕ್ಕಿಯೊಳಗೆ ಮುದುರಿ ಕೂತು ಬಾಗಿಲು ಮುಚ್ಚಿಸಿಕೊಂಡೆ. ಮ್ಯಾಟಿನ ಅಂಚಿನಲ್ಲಿ ಬೆಳಕು ಕಂಡಿತು. ಎತ್ತಿದರೆ ರೂಪಾಯಿ ಅಗಲದ ತೂತು, ಸೈಲೆನ್ಸರ್ ಬಾಯಿಯ ಪಕ್ಕದಲ್ಲೇ. ಸುತ್ತ ಹುಳಿತ ಹಾಲಿನ ವಾಸನೆ, ಹಾಲಿನ ಕ್ಯಾನ್ ಇಟ್ಟ ದುಂಡು ಗುರುತು.

ಡೈರಿಗೆ ಹಾಲು ಸಾಗಿಸಿದ್ದಕ್ಕೆ ನನಗೆ ಬೇಸರವಿಲ್ಲ. ಚೆಲ್ಲಿದ ಹಾಲು ತೊಳೆದ ನೀರು ಇಳಿಯಲಿ ಅಂತ ಕೊರೆದಿರಬಹುದು. ಆದರೆ ಧೂಳು ಬರುತ್ತದೆಂದು ಹಿಂದಿನ ಗಾಜುಗಳನ್ನು ಮುಚ್ಚಿಸುತ್ತಿದ್ದವನು ನೀನು. ನಿನ್ನ ಕಡೆಯ ಗಾಜನ್ನು ಮಾತ್ರ ಒಂದು ದಿನವೂ ಏರಿಸಲಿಲ್ಲ. ಯಾಕಣ್ಣ?

ಮಂಗಳವಾರ ಬಾ. ಅಮ್ಮನನ್ನು ನನ್ನ ಮಗಳು ರೈಲಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ತೂತನ್ನು ಹಾಗೇ ಬಿಟ್ಟಿದ್ದೇನೆ. ನಾನು ನನ್ನ ಕಡೆಯ ಗಾಜು ಇಳಿಸಿಕೊಂಡು ಓಡಿಸುತ್ತೇನೆ, ನೀನು ಗಾಜು ಏರಿಸಿಕೊಂಡು ಹಿಂದೆ ಕೂರು. ಕೆಜಿಎಫ್ ತನಕ.

ನಿಂಬೆಹಣ್ಣು ತರಬೇಡ, ಅಮ್ಮನದು ಸೀಟಿನ ಮೇಲೇ ಇದೆ.

ನಿನ್ನ ತಂಗಿ,
ಪುಷ್ಪ