ಹಸಿ ಹಾಲಿನ ಜ್ವರ

ಅಮ್ಮಾ,

ನನಗೆ ಸಂಜೆ ಹೊತ್ತು ಬರುತ್ತಿದ್ದ ಜ್ವರಕ್ಕೆ ಇವತ್ತು ಯಾನ್ನಿನಾ ಪಟ್ಟಣದ ಆಸ್ಪತ್ರೆಯಲ್ಲಿ ಹೆಸರು ಸಿಕ್ಕಿತು. ಬ್ರುಸೆಲ್ಲಾ ಎಂಬ ರೋಗಾಣು. ಕುರಿಯ ಹಸಿ ಹಾಲಿನಿಂದ ಬರುತ್ತದಂತೆ.

"ಅದನ್ನ ನುಂಗೋಕೆ ಬಂದ ರಕ್ತದ ಕಾವಲು ಕಣದೊಳಗೇ ಮನೆ ಮಾಡ್ಕೊಂಡು ಕೂತ್ಬಿಡತ್ತಮ್ಮ," ಎಂದರು ಡಾಕ್ಟರ್ ಮೆಲ್ಪೊ. "ಜ್ವರ ಬಿಡ್ತು ಅಂತ ಮಾತ್ರೆ ಬಿಡ್ಬೇಡ. ವರ್ಷಗಟ್ಟಲೆ ಅಡಗಿರತ್ತೆ."

ನೀನು ಶಾಲು ಹೊದ್ದು ಬೆವರುತ್ತ ಕೂರುತ್ತಿದ್ದ ಸಂಜೆಗಳ ಬಗ್ಗೆ ನಾನು ಅವರಿಗೆ ಹೇಳಲಿಲ್ಲ. ಅಪ್ಪ ಅದನ್ನು ಸೋಮಾರಿತನ ಎನ್ನುತ್ತಿದ್ದ.

ಮನೆಗೆ ಬಂದರೆ ಅಪ್ಪ ಬೆಟ್ಟದ ದೊಡ್ಡಿಯಿಂದ ಇಳಿದು ಬಂದಿದ್ದ. ಕುರಿಗಳು ಈದ ಮೇಲಿನ ಮೊದಲ ಚೀಸ್ ಮನೆಯ ಚಿಕ್ಕ ಮಗುವಿನ ಬಾಯಿಗೇ ಬೀಳಬೇಕಲ್ಲ. ನೀನು ನೋಡದ ನನ್ನ ಮಗಳು ಅರೆಟಿ ಆಗಲೇ ಬೆರಳು ನೆಕ್ಕುತ್ತಿದ್ದಳು.

"ಹಾಲು ಕಾಯಿಸಿದ್ಯಾ ಅಪ್ಪಾ?"

"ಕಾಯ್ಸಿದ್ರೆ ಅದು ಸತ್ತ ಹಾಲು ಕಣೇ, ಪೇಟೆಯವರ ಹೊಟ್ಟೆಗೆ ಸರಿ. ನಿಮ್ಮಮ್ಮ ಸಾಯೋತನಕ ಇದನ್ನೇ ತಿಂದ್ಲು, ಏನಾಯ್ತು?"

ಅವನು ಹೋದ ಮೇಲೆ ಉಳಿದ ಚೀಸನ್ನು ಒಲೆಯ ಬೆಂಕಿಗೆ ಹಾಕಿದೆ. ಇಷ್ಟು ಬೇಗ ಏನೂ ತಿಳಿಯದೆಂದು ಗೊತ್ತಿದ್ದರೂ ಅರೆಟಿಯ ಹಣೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ. ತಣ್ಣಗಿದೆ. ಆದರೆ ಸಂಜೆಯಾಗಿದೆ ಅಮ್ಮಾ, ಜ್ವರಕ್ಕೆ ನನ್ನ ಕೈ ಸುಡುತ್ತಿದೆ. ಈ ಕೈಗೆ ಯಾರ ಹಣೆಯೂ ತಣ್ಣಗೇ ಅನ್ನಿಸುತ್ತದೆ.