ಗೋರಿಗಳ ಪಕ್ಕದ ಕ್ಯಾಮೆರಾ

ಬಿಷ್ಕೆಕ್, ಸೋಮವಾರ

ಮಾನ್ಯ ದೌರೆನ್ ಅವರಿಗೆ,

ನಾನು ಬಾಡಿಗೆಗೆ ಪಡೆದಿದ್ದ ನಿಮ್ಮ ಬಿಳಿ ಕಾರಿನ ಮೇಲೆ ಬಂದ ಎರಡು ದಂಡಗಳೂ ಇತ್ಯರ್ಥವಾದವು. ವೇಗದ ದಂಡ ನನ್ನದೇ ತಪ್ಪು, ಕಟ್ಟಿದ್ದೇನೆ. ಚಿಕ್ಕಮ್ಮನ ಮಣ್ಣಿಗೆ ತಡವಾಗುತ್ತಿತ್ತು ಎನ್ನಬಹುದು, ಆದರೆ ತಡವಾಗಿ ಹೊರಟವಳೂ ನಾನೇ.

ಫೋನ್ ಹಿಡಿದು ಓಡಿಸಿದೆ ಎಂಬ ದಂಡವನ್ನು ಮಾತ್ರ ಒಪ್ಪಲಾಗಲಿಲ್ಲ. ಅಮ್ಮನ ಜೊತೆ ಬಸ್ಸಿನಲ್ಲಿ ಗಡಿ ದಾಟಿ, ನಿಮ್ಮ ಅಲ್ಮಾಟಿಯ ಪೊಲೀಸ್ ಕಚೇರಿಗೆ ಹೋದೆ. ಅಧಿಕಾರಿ ಫೋಟೊ ತೋರಿಸಿದರು. ನನ್ನ ಎರಡೂ ಕೈಗಳು ಮುಖದ ಮೇಲಿದ್ದವು. ಪಕ್ಕದಲ್ಲಿ ಅಮ್ಮನ ಕೈಗಳೂ ಹಾಗೇ.

"ಇಬ್ರೂ ಒಟ್ಟಿಗೆ ಫೋನ್ ಮಾಡ್ತಿದ್ವೇನಪ್ಪಾ?" ಎಂದಳು ಅಮ್ಮ. "ರಸ್ತೆ ಪಕ್ಕ ಏನಿದೆ ನೋಡು. ಗೋರಿ ಕಂಡ್ರೆ ನೀನು ದುವಾ ಮಾಡಿ ಮುಖ ಸವರ್ಕೊಳ್ಳಲ್ವಾ?"

"ಮಾಡ್ತೀನಜ್ಜಿ," ಎಂದು ಅವರು ದಂಡ ರದ್ದು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಒಂದು ಕೈ ಸ್ಟೀರಿಂಗ್ ಮೇಲಿರ್ಲಿ. ಇಲ್ದಿದ್ರೆ ನೀವೂ ಅಲ್ಲೇ ಇಳ್ಕೋಬೇಕಾಗುತ್ತೆ," ಎಂದರು.

ಗೆದ್ದೆನೋ ಬೈಸಿಕೊಂಡೆನೋ ತಿಳಿಯದೆ ಹೊರಬಂದೆ. ಮನಸ್ಸು ಮಾತ್ರ ಹಗುರಾಗಿತ್ತು.

ದಂಡ ತೀರುವವರೆಗೆ ಕಾರು ಕೊಡುವುದಿಲ್ಲ ಎಂದಿದ್ದಿರಿ. ರಸೀದಿಯನ್ನೂ ರದ್ದತಿ ಪತ್ರವನ್ನೂ ಲಗತ್ತಿಸಿದ್ದೇನೆ. ಗುರುವಾರ ಚಿಕ್ಕಮ್ಮನ ನಲವತ್ತನೇ ದಿನ. ಅಕ್ಕತಂಗಿಯರಲ್ಲಿ ಉಳಿದವಳು ಅಮ್ಮ ಒಬ್ಬಳೇ, ಚಿಕ್ಕಮ್ಮನ ಹಳ್ಳಿಗೆ ಬಸ್ಸಿಲ್ಲ. ಅದೇ ಕಾರು ಸಿಕ್ಕರೆ ಉಪಕಾರವಾಗುತ್ತದೆ.

ಕಾರಿನ ಬಗ್ಗೆ ಚಿಂತೆ ಬೇಡ. ಗೋರಿಗಳ ಹತ್ತಿರ ನನ್ನ ಪಾಲಿನ ದುವಾವನ್ನೂ ತಾನೇ ಮಾಡುವುದಾಗಿ ಅಮ್ಮ ಹೇಳಿದ್ದಾಳೆ. ನಾನು ರಸ್ತೆ ನೋಡಬೇಕಂತೆ.

ವಂದನೆಗಳೊಂದಿಗೆ,
ಜಿಪಾರ