ಪಂಚಾಮೃತ ಎರೆದ ರೈಫಲಿಗೆ ಗುಂಡು ತುಂಬಬೇಡಿ

ಬಂದೂಕಿನ ಪರವಾನಗಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರವುಳ್ಳ ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ತಮ್ಮ ಮೈದಾನದಲ್ಲಿ ನನ್ನ ಮಾವನವರು ಒಂದು ಹಳೆಯ ರೈಫಲಿನಿಂದ ಗುಂಡು ಹಾರಿಸಲಿದ್ದಾರೆ. ಹಾರಿಸಿದರೆ ನಳಿಗೆ ಸಿಡಿದು ಅವರ ಮುಖಕ್ಕೇ ಬಡಿಯುತ್ತದೆ. ಇದು ನನಗೆ ಗೊತ್ತು. ತಮ್ಮ ಕಚೇರಿಗೂ ಗೊತ್ತು, ಏಕೆಂದರೆ ನಾನೇ ಬಂದು ಹೇಳಿದ್ದೇನೆ. ಆದರೂ ಹಾರಿಸಲೇಬೇಕೆಂಬುದು ತಮ್ಮ ನೋಟಿಸಿನ ಅಪ್ಪಣೆ. ಅರ್ಜಿ ಕೊಟ್ಟು, ಕೈಮುಗಿದು, ತಮ್ಮ ಬಾಗಿಲ ಮುಂದಿನ ಬೆಂಚು ಸವೆಸಿ ಸಾಕಾಗಿ, ಕೊನೆಗೆ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವಳು. ಮಾವ ಉಜ್ಜಿನಪ್ಪನವರಿಗೆ ಎಂಬತ್ತು ದಾಟಿದೆ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲೊಳಗೆ ತಾರದ ಲಿಂಗವಂತರ ಮನೆ. ಇಂಥ ಮನೆಗೆ ಬೇಟೆಯ ರೈಫಲ್ ಬಂದ ಕಥೆ ಸಣ್ಣದು. ಮಾವನವರ ತಂದೆ ಸಂಡೂರಿನ ಗುಡ್ಡಗಳಲ್ಲಿ ಅದಿರು ಹುಡುಕುತ್ತಿದ್ದ ಒಬ್ಬ ಬಿಳಿಯ ಎಂಜಿನಿಯರನ ಸಾಮಾನು ಸರಂಜಾಮನ್ನು ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿದ್ದರು. ಆತ ತನ್ನ ದೇಶಕ್ಕೆ ಹೊರಟಾಗ ಪ್ರೀತಿಯಿಂದ ಇದನ್ನು ಕಾಗದಪತ್ರ ಸಮೇತ ಇವರಿಗೆ ಕೊಟ್ಟುಹೋದ. ಬೇಡ ಎನ್ನಲು ಸಂಕೋಚ, ಹೊಡೆಯಲು ಮನಸ್ಸಿಲ್ಲ. ತಂದು ದೇವರ ಜಗಲಿಯ ಪಕ್ಕ ನಿಲ್ಲಿಸಿದರು. ಅಂದಿನಿಂದ ಅದು ಒಂದು ಗುಬ್ಬಿಯನ್ನೂ ಹೆದರಿಸಿಲ್ಲ. ಹೋದ ವರ್ಷ ಹಂಪಿ ನೋಡಲು ಬಂದಿದ್ದ, ಹಳೆಯ ಬಂದೂಕುಗಳ ಸಂಗ್ರಾಹಕರೊಬ್ಬರು ನಮ್ಮ ಮನೆಗೆ ಬಂದು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತರು. ಒಂದು ಸ್ಕ್ರೂ ಕೂಡ ಬದಲಾಗದ ಇಂಥ ರೈಫಲ್ ಈಗ ನೋಡಲೂ ಸಿಗುವುದಿಲ್ಲ, ದಯವಿಟ್ಟು ಯಾರೂ ಇದನ್ನು ಮುಟ್ಟಬೇಡಿ ಎಂದರು. ಅವರಿಗೆ ನಳಿಗೆಯ ಒಳಗೆ ನೋಡುವ ಯೋಚನೆ ಬರಲಿಲ್ಲ.

ಒಳಗೆ ಏನಿದೆ ಎಂದರೆ, ಪಂಚಾಮೃತವಿದೆ. ನಗಬೇಡಿ. ನನ್ನ ಅತ್ತೆ ಪಂಪಮ್ಮನವರು ಪ್ರತಿ ಮಹಾನವಮಿಗೆ ಆಯುಧಪೂಜೆ ಮಾಡುವಾಗ ಎಲ್ಲರಂತೆ ವಿಭೂತಿ ಹಚ್ಚಿ ಹೂ ಏರಿಸಿ ಸುಮ್ಮನಾಗುತ್ತಿರಲಿಲ್ಲ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಕಲಸಿ ನಳಿಗೆಯ ಬಾಯಿಗೆ ಎರೆಯುತ್ತಿದ್ದರು. “ಹೊಟ್ಟಿಗಿ ಹಾಕದ ಬರೀ ಮೈಗೆ ಸವರಿದ್ರ ಅದೆಂಥಾ ಪೂಜಿ?” ಎನ್ನುತ್ತಿದ್ದರು. ಆಮೇಲೆ ಬಾಯಿಗೆ ತುಪ್ಪದ ಬತ್ತಿ ತುರುಕಿ ಮುಚ್ಚಿಡುವುದು. ಮದುವೆಯಾಗಿ ಬಂದ ದಿನದಿಂದ ಸಾಯುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ. ಭಕ್ತಿ ಒಳಗೇ ಉಳಿದು ತುಕ್ಕಾಯಿತು. ತಮ್ಮ ನೋಟಿಸು ಬಂದ ಮೇಲೆ ಪೊಲೀಸರ ಅನುಮತಿ ಪಡೆದು ಬಳ್ಳಾರಿಯ ಬಂದೂಕಿನ ಅಂಗಡಿಗೆ ಒಯ್ದೆವು. ಅಂಗಡಿಯವರು ಬತ್ತಿ ಕಿತ್ತು, ಟಾರ್ಚು ಬಿಟ್ಟು ನೋಡಿ, “ಅಕ್ಕಾರ, ಇದರಾಗ ಇರುವಿ ಸಾಲು ಹೋಗಾಕೂ ಜಾಗಿಲ್ರಿ. ಗುಂಡು ಹಾಕಿದ್ರ ಹಿಂದಕ್ಕ ಸಿಡೀತೈತಿ” ಎಂದರು. ಅದನ್ನೇ ಬರೆದುಕೊಡಿ ಎಂದೆ. “ಬರದುಕೊಟ್ರ ಇದು ಕೆಟ್ಟ ಆಯುಧ ಅಂತ ನಾನಾ ಹಿಡಕೊಂಡು ಪೊಲೀಸರಿಗೆ ಒಪ್ಪಸಬೇಕಾಗ್ತೈತ್ರಿ. ಬ್ಯಾಡ ಬಿಡ್ರಿ” ಎಂದು ಕೈತೊಳೆದುಕೊಂಡರು.

ಈಗ ತಮ್ಮ ನೋಟಿಸಿಗೆ ಬರುತ್ತೇನೆ. ಮೂರು ದಾರಿ ತೋರಿಸಿದ್ದೀರಿ, ತಮ್ಮ ಔದಾರ್ಯ ದೊಡ್ಡದು. ಹಾರಿಸಿ ತೋರಿಸಿದರೆ ಪರವಾನಗಿ ನವೀಕರಣ. ಇಲ್ಲವೇ ನಳಿಗೆಗೆ ತೂತು ಕೊರೆಸಿ, ಗುಂಡು ಕೂರುವ ಜಾಗಕ್ಕೆ ವೆಲ್ಡಿಂಗ್ ಮಾಡಿಸಿ ಷೋಕೇಸಿನಲ್ಲಿ ಇಟ್ಟುಕೊಳ್ಳುವುದು. ಅದೂ ಇಲ್ಲವೇ ಪುರಾತನ ವಸ್ತುವೆಂದು ಪ್ರಮಾಣಪತ್ರ ತಂದು ಇದ್ದ ಹಾಗೇ ಕಾಪಾಡುವುದು. ಮೂರನೆಯದು ಹಾಲು ಕುಡಿದಷ್ಟು ಸುಲಭ ಎಂದುಕೊಂಡು ಒಂದು ಸಂಗ್ರಹಾಲಯಕ್ಕೆ ಹೋದೆ. ಊರಿನ ಹೆಸರು ಬೇಡ. ಪ್ರಮಾಣಪತ್ರ ಬೇಕಾದರೆ ಪರವಾನಗಿ ಚಾಲ್ತಿಯಲ್ಲಿರಬೇಕು ಎಂದರು. ತಮ್ಮಲ್ಲಿಗೆ ಬಂದರೆ, ಪ್ರಮಾಣಪತ್ರ ತಾರದೆ ಪರವಾನಗಿ ಇಲ್ಲ, ತಾರದಿದ್ದರೆ ಹಾರಿಸಿ ಎಂದರು. ನಳಿಗೆ ಕೆಟ್ಟಿದೆ ಸ್ವಾಮಿ ಎಂದು ಗೋಗರೆದೆ. ಕೆಟ್ಟಿದೆಯೋ ಇಲ್ಲವೋ ತಿಳಿಯುವುದಕ್ಕೇ ಅಲ್ಲವೇನಮ್ಮಾ ಪರೀಕ್ಷೆ ಎಂದು ತಮ್ಮ ಸಿಬ್ಬಂದಿ ಸಮಾಧಾನ ಹೇಳಿದರು. ಪರೀಕ್ಷೆ ಮಾಡುವ ಯಂತ್ರ ಯಾವುದು ಮಾನ್ಯರೇ? ನಮ್ಮ ಮಾವನವರ ಮುಖವೇ?

ಹಾಗಿದ್ದರೆ ತೂತು ಕೊರೆಸಿ ಎನ್ನುತ್ತೀರಿ. ನನ್ನನ್ನು ಕೇಳಿದರೆ ನಾಳೆಯೇ ಕೊರೆಸುತ್ತೇನೆ, ಸಂಗ್ರಾಹಕರು ಬೇಕಾದರೆ ಬೈದುಕೊಳ್ಳಲಿ. ಆದರೆ ಪರವಾನಗಿ ಇರುವುದು ಮಾವನವರ ಹೆಸರಿನಲ್ಲಿ, ರೈಫಲ್ ಇರುವುದು ದೇವರ ಜಗಲಿಯಲ್ಲಿ. ಪೂಜೆಗೊಂಡ ವಸ್ತುವಿಗೆ ತೂತು ಬಿದ್ದರೆ ಅದು ಭಿನ್ನ. ಭಿನ್ನವಾದದ್ದನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಹಂಪಿಗೆ ಒಯ್ದು ಹೊಳೆಗೆ ಬಿಡಬೇಕು. ಉಜ್ಜಿನಪ್ಪನವರು ಬಿಟ್ಟೇ ಬಿಡುತ್ತಾರೆ, ಮಂತ್ರ ಹೇಳಿಸಿಯೇ ಬಿಡುತ್ತಾರೆ. ಆಗ ರೈಫಲನ್ನು ತುಂಗಭದ್ರೆಗೆ ಎಸೆದ ಮುದುಕನ ಮೇಲೆ ತಾವು ಯಾವ ಕಲಮಿನಡಿ ಕೇಸು ಹಾಕುತ್ತೀರಿ ಎಂಬುದನ್ನು ಈಗಲೇ ತಿಳಿಸಿದರೆ ವಕೀಲರನ್ನು ಹುಡುಕಲು ಅನುಕೂಲ.

ಇಷ್ಟಾದರೂ ಮಾವನವರಿಗೆ ತಿಳಿಹೇಳಬಹುದಿತ್ತಲ್ಲ ಎಂದು ತಮಗೆ ಅನ್ನಿಸಬಹುದು. ಹೇಳಿದೆ. ಅಂಗಡಿಯವರ ಮಾತನ್ನು ಒಂದೂ ಬಿಡದೆ ಹೇಳಿದೆ. ಅವರು ಊಟದ ತಾಟು ದೂರ ಸರಿಸಿ ನನ್ನನ್ನೇ ನೋಡಿದರು.

“ಅಂದ್ರ ನಿಮ್ಮತ್ತಿ ಎರದ ಹಾಲು ಇದನ್ನ ಕೆಡಿಸೈತಿ ಅಂತೀಯೇನವ್ವ?”

“ಹಂಗಲ್ರಿ ಮಾವಾರ, ಕಬ್ಬಿಣ ಅಂದ್ಮ್ಯಾಲ ತುಕ್ಕು ಹಿಡೀತೈತಲ್ರಿ.”

“ಆಕಿ ಉಪಾಸ ಇದ್ದು ಮಾಡಿದ ಪೂಜಿ ಅದು. ಕೆಟ್ಟದ್ದು ಹೆಂಗ ಮಾಡ್ತೈತಿ? ಹೊಡದು ತೋರಸ್ತೀನಿ ತಡಿ, ಆ ಅಂಗಡಿಯವಗೂ, ನಿನಗೂ.”

ಅಲ್ಲಿಗೆ ಮುಗಿಯಿತು. ಇದು ಈಗ ಪರವಾನಗಿಯ ಮಾತಾಗಿ ಉಳಿದಿಲ್ಲ. ತೀರಿಹೋದ ಹೆಂಡತಿಯ ಪೂಜೆಯಲ್ಲಿ ತಪ್ಪಿರಲಿಲ್ಲ ಎಂದು ಸಾಬೀತು ಮಾಡಲು ಅವರು ಹೊರಟಿದ್ದಾರೆ, ಅದಕ್ಕೆ ಬೇಕಾದ ಗುಂಡನ್ನು ಸರ್ಕಾರವೇ ಒದಗಿಸುತ್ತಿದೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೈಫಲನ್ನು ಹೆಗಲಿಗೆ ಏರಿಸಿ, ಕೆನ್ನೆಗೆ ಒತ್ತಿಕೊಂಡು ಅಭ್ಯಾಸ ಮಾಡುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕೆನ್ನೆಯನ್ನೇ ನೋಡುತ್ತೇನೆ. ನನ್ನ ಗಂಡ ತೀರಿಕೊಂಡಾಗ ನೆಂಟರೆಲ್ಲ ನನ್ನನ್ನು ತವರಿಗೆ ಕಳಿಸುವ ಮಾತಾಡುತ್ತಿದ್ದರು. ಗಿರಣಿಯ ಬೀಗದ ಕೈಗೊಂಚಲನ್ನು ಅವರೆಲ್ಲರ ಎದುರು ನನ್ನ ಮಡಿಲಿಗೆ ಹಾಕಿದವರು ಇವರು. ನನಗೆ ತಂದೆಗಿಂತ ಹೆಚ್ಚು. ಅವರನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ಬಚ್ಚಿಡೋಣವೆಂದರೆ, ಹಾಜರಾಗದಿದ್ದರೆ ಜಪ್ತಿ ಮಾಡಿ ಕರಗಿಸಲಾಗುವುದು ಎಂದು ನೋಟಿಸಿನ ಕೊನೆಯಲ್ಲೇ ಇದೆ. ಕರಗಿಸುವ ಮಾತು ಓದಿದ ಮೇಲೆ ಅವರು ನಿದ್ದೆಯನ್ನೂ ಸರಿಯಾಗಿ ಮಾಡುತ್ತಿಲ್ಲ.

ಒಂದೇ ಒಂದು ಉಪಾಯ ಉಳಿದಿದೆ. ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಭದ್ರಪಡಿಸುವ ರೈಫಲಿನ ಬೋಲ್ಟನ್ನು ಬಿಚ್ಚಿ ತೆಗೆಯಬಹುದು. ಕೊರೆಯಬೇಕಿಲ್ಲ, ವೆಲ್ಡಿಂಗ್ ಬೇಕಿಲ್ಲ. ಬೋಲ್ಟಿಲ್ಲದ ರೈಫಲ್ ಬರೀ ಕೋಲು. ಬಿಚ್ಚಿದ ಬೋಲ್ಟು ತಮ್ಮ ಖಜಾನೆಯಲ್ಲಿರಲಿ, ಮಹಾನವಮಿಗೆ ಪೊಲೀಸರ ಕೈಯಲ್ಲೇ ಕಳಿಸಿ ಸಂಜೆಗೆ ವಾಪಸು ಒಯ್ಯಿರಿ. ಇದಕ್ಕೆ ಮಾವನವರನ್ನು ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. “ಬಿಚ್ಚಿಟ್ರ ಭಿನ್ನ ಆಗಂಗಿಲ್ಲ ಬಿಡು. ದೇವರ ಒಡವಿ ಬಿಚ್ಚಿ ಖಜಾನ್ಯಾಗ ಇಡಂಗಿಲ್ಲೇನು? ಆದ್ರ ಹೊಡೀಬ್ಯಾಡ ಅಂತ ಅವರಾ ಬರದುಕೊಡಬೇಕು, ನಾ ಅಂಜಿ ಬಿಟ್ಟೆ ಅಂತ ಆಗಬಾರದು” ಎಂದರು. ಓಡಿಬಂದು ತಮ್ಮ ಕಚೇರಿಯಲ್ಲಿ ಹೇಳಿದೆ. ಅಂಥ ಕಲಮಿಲ್ಲ ಎಂಬ ಉತ್ತರ ಸಿಕ್ಕಿತು. ಮುದುಕನ ಮುಖದೆದುರು ನಳಿಗೆ ಸಿಡಿಸಲು ಕಲಮಿದೆ, ಒಂದು ಬೋಲ್ಟನ್ನು ಕಪಾಟಿನಲ್ಲಿಡಲು ಕಲಮಿಲ್ಲವೇ?

ನನಗೆ ಬೇಕಾದದ್ದು ತಮ್ಮ ಸಹಿಯಿರುವ ಒಂದು ಸಾಲು: ಈ ರೈಫಲನ್ನು ಹಾರಿಸತಕ್ಕದ್ದಲ್ಲ, ಕೊರೆಯತಕ್ಕದ್ದಲ್ಲ, ಬೋಲ್ಟು ನಮ್ಮ ವಶದಲ್ಲಿರುತ್ತದೆ. ಸೋಮವಾರದೊಳಗೆ ಅದು ಬರಲಿ. ಬಾರದಿದ್ದರೆ ತಾವೇ ಮೈದಾನಕ್ಕೆ ದಯಮಾಡಿಸಬೇಕು. ಮರಳಿನ ಚೀಲಗಳ ಹಿಂದೆ, ಕುರ್ಚಿಯಲ್ಲಿ ಅಲ್ಲ. ಮಾವನವರ ಬಲ ಹೆಗಲಿಗೆ ಹೆಗಲು ತಾಗಿಸಿ ನಾನು ನಿಂತಿರುತ್ತೇನೆ. ಎಡಗಡೆಯ ಜಾಗ ತಮಗೆ ಬಿಟ್ಟಿದ್ದೇನೆ. ನಿಲ್ಲಲು ತಮಗೆ ಧೈರ್ಯ ಬಾರದಿದ್ದರೆ, ಪರೀಕ್ಷೆಯ ಫಲಿತಾಂಶ ತಮಗೆ ಆಗಲೇ ಗೊತ್ತಿದೆ ಎಂದು ಅರ್ಥ.

ಇಂತಿ,
ಗುಂಡನ್ನೂ ತಡೆಯಲಾಗದ, ಮಾವನನ್ನೂ ತಡೆಯಲಾಗದ ಸೊಸೆ
ಶಾಂಭವಿ
ಕಂಪ್ಲಿ